ಪೊನ್ನಕ್ಕ ಕೂತರೆ ಹೊರಡುವ ಕಾರು

"ತಿತಿಮತಿಗೆ ಇದೇ ದಾರಿಯಾ ಅಕ್ಕಾ?"

"ಇದು ನಮ್ಮ ಎಸ್ಟೇಟಿನ ದಾರಿ! ಬೇಗ ತಿರುಗಿಸಿ, ಕತ್ತಲಾದರೆ ಆನೆ ಬರ್ತದೆ," ಎಂದರು ಗೇಟಿನಲ್ಲಿದ್ದ ಪೊನ್ನಕ್ಕ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ, ತುಂಬಿದ ಮೈಯವರು.

ದಾರಿ ಕೇಳಲು ಆರಿಸಿದ್ದ ನನ್ನ ಕಾರು ಮತ್ತೆ ಹೊರಡಲೇ ಇಲ್ಲ. ಮಡಿಕೇರಿಯಲ್ಲಿ ಮೆಕ್ಯಾನಿಕ್ ಪಕ್ಕದಲ್ಲಿ ಕೂತಾಗೆಲ್ಲ ಸಾಧುವಾಗಿ ಸ್ಟಾರ್ಟ್ ಆಗಿ ನನ್ನನ್ನೇ ಸುಳ್ಳುಗಾರ್ತಿ ಮಾಡಿತ್ತು.

ಕುತೂಹಲಕ್ಕೆ ಪೊನ್ನಕ್ಕ ಪಕ್ಕದ ಸೀಟಿಗೆ ಹತ್ತಿ ಕೂತರು. ಹೊರಟಿತು! ಆರಿಸಿ, ಅವರನ್ನು ಇಳಿಸಿದೆ, ಸದ್ದಿಲ್ಲ. ಮತ್ತೆ ಕೂರಿಸಿದೆ, ಗುರ್ರೆಂದಿತು.

"ನಾನೇನು ಬ್ಯಾಟರಿಯಾ?"

ಬ್ಯಾಟರಿ ಅವರ ಸೀಟಿನಡಿಯೇ ಇತ್ತು. ಸಡಿಲಾದ ತಂತಿ, ಮೇಲೆ ಭಾರ ಬಿದ್ದಾಗ ಮಾತ್ರ ತಾಗುತ್ತಿತ್ತು. ಬಿಗಿದೆ.

"ನಿಮ್ಮ ಋಣ ಹೇಗೆ ತೀರಿಸಲಿ?"

"ನಮ್ಮವರ ಎದುರು ಒಂದು ಸುತ್ತು ಕಾರು ನಾನೇ ಬಿಡ್ತೇನೆ."

ಕಾಫಿ ಕಣದಲ್ಲಿ ಪಕ್ಕ ಕೂತು ಅವರ ಕೈಲಿ ಕಾರು ಬಿಡಿಸಿದೆ. ಒಣಗಲು ಹರಡಿದ್ದ ಕಾಫಿಯ ಮೇಲೇ ಚಕ್ರ ಹರಿಯಿತು. ಕಣದ ಅಂಚಿನಲ್ಲಿದ್ದ ರೈಟರು ಬೈಯುವ ಬದಲು ದಾರಿ ಬಿಟ್ಟು ಸರಿದರು. ಸ್ಟಿಯರಿಂಗ್ ಇನ್ನೂ ಹೆಂಡತಿಯ ಕೈಯಲ್ಲಿತ್ತಲ್ಲ.