ತೊಟ್ಟಿಲುಮನೆಯ ತಪಾಸಣೆ

ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೃಷ್ಣವೇಣಿ ಒಂದು ಕಡೆ ಕೂತದ್ದನ್ನು ಕಂಡವರು ಕಡಿಮೆ. ಗಂಡ ವ್ಯಾಸರಾಜ ಗೂಡ್ಸ್ ಆಫೀಸಿನ ಗುಮಾಸ್ತ. ಒಂಬತ್ತು ವರ್ಷಗಳಲ್ಲಿ ಸೊಲ್ಲಾಪುರ, ವಾಡಿ, ಭುಸಾವಳ ಮುಗಿಸಿ ಇಲ್ಲಿಗೆ ವರ್ಗವಾಗಿ ಬಂದಿದ್ದ. ಯಾವ ಊರಲ್ಲೂ ಅವಳ ಮನಸ್ಸು ನೆಲೆ ನಿಂತಿರಲಿಲ್ಲ. ಚಹಾವನ್ನೂ ನಿಂತೇ ಕುಡಿಯುತ್ತಿದ್ದಳು. ಒಲೆಯ ಮೇಲೆ ಬೇಳೆ ಇಟ್ಟು ಬಾಗಿಲಿಗೆ ಬಂದು ನಿಲ್ಲುವಳು. ಅದು ಕುದಿಯುವಷ್ಟರಲ್ಲಿ ಪಕ್ಕದ ಮನೆಗೆ ಹೋಗಿ ಬಂದಿರುತ್ತಿದ್ದಳು.

ಇದನ್ನು ಗಮನಿಸಿದವರು ಉಮಾಪತಿ ಮಾಸ್ತರರು. ಶಾಲೆಯಿಂದ ನಿವೃತ್ತರಾಗಿ ಜನಹಿತ ನಿಧಿಯ ಕಾರ್ಯದರ್ಶಿಯಾಗಿದ್ದರು. ಇತವಾರಿ ಪೇಟೆಯ ಅಂಗಡಿಕಾರರು, ವಕೀಲರು, ರೈಲ್ವೆಯವರು ಕೈಲಾದಷ್ಟು ಹಾಕಿ ಕೂಡಿಸಿದ ಗಂಟು ಆ ನಿಧಿ. ಗಂಟನ್ನು ಮುಟ್ಟದೆ, ಅದರ ಬಡ್ಡಿಯಿಂದಲೇ ಊರಿನ ಸಣ್ಣಪುಟ್ಟ ಸಂಸ್ಥೆಗಳಿಗೆ ನೆರವಾಗುತ್ತಿದ್ದರು. ಅರ್ಜಿ ಹಾಕಿದವರ ಕೆಲಸವನ್ನು ಖುದ್ದಾಗಿ ನೋಡಿಬರುವವರೊಬ್ಬರು ಬೇಕಿತ್ತು.

“ನೀವು ಹೆಂಗೂ ಮನ್ಯಾಗ ಕೂಡೋರಲ್ಲ, ಬಾಯಾರ. ನಮ್ಮ ಸಲುವಾಗಿ ತಿರಗ್ರಿ,” ಎಂದರು ಮಾಸ್ತರರು.

೧೯೫೪ರ ಆ ಬೇಸಿಗೆಯಲ್ಲಿ ಅವಳು ಎರಡು ತಿಂಗಳಲ್ಲಿ ಹದಿನಾಲ್ಕು ಸಂಸ್ಥೆ ನೋಡಿದಳು. ಅವಳ ಕಣ್ಣು ಚುರುಕು. ಸದರ ಬಡಾವಣೆಯ ರಾತ್ರಿ ಶಾಲೆಗೆ ಪುಸ್ತಕಕ್ಕಿಂತ ಮೊದಲು ಕಂದೀಲು ಬೇಕೆಂದು ಹೇಳಿದವಳು ಅವಳೇ. ಹೆರಿಗೆಮನೆಯೊಂದರಲ್ಲಿ ಬಾಣಂತಿಯರಿಗೆ ಬಿಸಿನೀರಿಲ್ಲ ಎಂಬುದನ್ನು ಒಂದೇ ನೋಟಕ್ಕೆ ಕಂಡುಕೊಂಡಿದ್ದಳು. ಸಮಿತಿಯವರು ಅವಳ ವರದಿಯನ್ನು ಕಣ್ಣುಮುಚ್ಚಿ ನಂಬತೊಡಗಿದರು.

ಹದಿನೈದನೆಯದು ಯಲ್ಲಮ್ಮನ ತೊಟ್ಟಿಲುಮನೆ. ಬೀಡಿ ಕಟ್ಟುವ ಹೆಂಗಸರ ಕೂಸುಗಳನ್ನು ಹಗಲು ನೋಡಿಕೊಳ್ಳುವ ತಗಡಿನ ಶೆಡ್ಡು ಅದು. ಕಲಬುರ್ಗಿ ಕಡೆಯಿಂದ ಕೂಲಿಗೆ ಬಂದ ಯಲ್ಲಮ್ಮ ತಾನೂ ಬೀಡಿ ಕಟ್ಟಿದವಳು. ಕೃಷ್ಣವೇಣಿ ಹೋದಾಗ ಬೆಳಗಿನ ಹತ್ತೂವರೆ. ಹಳೆಯ ಸೀರೆಗಳ ಜೋಳಿಗೆಯಲ್ಲಿ ಹನ್ನೊಂದು ಕೂಸು. ಒಂದೂ ಅಳುತ್ತಿರಲಿಲ್ಲ. ಒಂದರ ಕೆನ್ನೆ ಮುಟ್ಟಿದಳು. ಅದು ಕಣ್ಣು ತೆರೆಯಲಿಲ್ಲ.

ದುಡಿಯುವ ತಾಯಂದಿರು ಕೂಸಿಗೆ ಸಾಸಿವೆಯಷ್ಟು ಅಫೀಮು ತಿನ್ನಿಸಿ ಮಲಗಿಸುವುದು ಅವಳಿಗೆ ಸೊಲ್ಲಾಪುರದಲ್ಲೇ ಗೊತ್ತಿತ್ತು.

“ಕೂಡ್ರಿ ಬಾಯಾರ, ಚಾ ಮಾಡ್ತೀನಿ,” ಎಂದಳು ಯಲ್ಲಮ್ಮ.

“ಇಲ್ಲ, ಇನ್ನೊಂದು ಕಡೆ ಹೋಗೋದದ,” ಎಂದು ಕೃಷ್ಣವೇಣಿ ಹೊರಬಿದ್ದಳು. ಸೈಕಲ್ ರಿಕ್ಷಾದಲ್ಲೇ ವರದಿ ಬರೆದಳು: ಕೂಸುಗಳನ್ನು ಅಫೀಮು ಹಾಕಿ ಮಲಗಿಸಿರುವ ಶಂಕೆ ಇದೆ, ನೆರವು ಬೇಡ.

ಅರ್ಜಿ ತಿರಸ್ಕಾರವಾಯಿತು. ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ವಾರದೊಳಗೆ ಬೀಡಿ ಕಾರ್ಖಾನೆಯ ಕಟ್ಟೆಗೂ ಯಲ್ಲಮ್ಮ ಅಫೀಮು ಹಾಕುತ್ತಾಳೆಂಬ ಸುದ್ದಿ ಮುಟ್ಟಿ, ಆರು ತಾಯಂದಿರು ಕೂಸುಗಳನ್ನು ಬಿಡಿಸಿಕೊಂಡು ಹೋದರು. ಮೊದಲು ಹೋದವಳು ಕಲಾವತಿ ಎಂಬ ವಿಧವೆ, ಎಂಟು ತಿಂಗಳ ಮಗಳನ್ನು ಎತ್ತಿಕೊಂಡು.

ಮಾಸ್ತರರಿಂದ ಇದು ತಿಳಿದಾಗ ಕೃಷ್ಣವೇಣಿ ತನ್ನ ವರದಿಯ ಪ್ರತಿಯನ್ನು ತೆಗೆದು ಓದಿದಳು. ತಾನು ಬರೆದದ್ದು ಸರಿಯೇ ಅಲ್ಲವೇ ಎಂದು ತನಗೇ ಹೇಳಿಕೊಂಡಳು. ಮತ್ತೆ ಹೇಳಿಕೊಂಡಳು. ಆ ಶೆಡ್ಡಿನಲ್ಲಿ ತಾನು ಇದ್ದದ್ದು ಎಷ್ಟು ಹೊತ್ತು? ಹತ್ತು ನಿಮಿಷವೂ ಇಲ್ಲ. ಮರುದಿನ ಬೆಳಿಗ್ಗೆ ಏಳಕ್ಕೇ ಹೋಗಿ ಶೆಡ್ಡಿನ ಮೂಲೆಯಲ್ಲಿ ಕೂತಳು. ಯಲ್ಲಮ್ಮ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಉಳಿದ ತಾಯಂದಿರು ಕೂಸುಗಳನ್ನು ತಂದು ಬಿಟ್ಟರು. ಎರಡು ಕೂಸು ಬರುವಾಗಲೇ ತೂಗಡಿಸುತ್ತಿದ್ದವು. ಯಲ್ಲಮ್ಮ ಅವುಗಳ ಅಂಗಾಲು ತಿಕ್ಕಿದಳು, ಹಣೆಗೆ ನೀರು ಸವರಿದಳು, ಹೆಗಲ ಮೇಲೆ ಹಾಕಿಕೊಂಡು ಶೆಡ್ಡಿನ ತುಂಬ ಓಡಾಡಿದಳು. ಮಧ್ಯಾಹ್ನದ ಹೊತ್ತಿಗೆ ಅಫೀಮಿನ ಅಮಲು ಇಳಿದು ಅವು ಚೀರಲು ಹತ್ತಿದವು. ತಗಡು ಕಾದ ಹೆಂಚಾಗಿತ್ತು. ಆ ಚೀರಾಟದಲ್ಲಿ ಕೃಷ್ಣವೇಣಿಗೆ ಎದ್ದು ಓಡಿಹೋಗಬೇಕೆನ್ನಿಸಿತು. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದಳು.

“ಅಫೀಮು ಮನ್ಯಾಗ ಕೊಟ್ಟು ತರ್ತಾರ್ರಿ,” ಎಂದಳು ಯಲ್ಲಮ್ಮ ಸಂಜೆ. “ಕೂಸು ಅತ್ತರ ನಾ ಹೊರಗ ಒಗದು ಬಿಡ್ತೀನಿ ಅಂತ ಅಂಜಿಕಿ ಅವರಿಗೆ. ಹೊಸಾವು ಹಿಂಗ ಮಲಗ್ತಾವ. ತಿಂಗಳಾದ ಮ್ಯಾಲ ನಂಬಿಗಿ ಬರ್ತೈತಿ, ಆಗ ಕೊಡೂದು ಬಿಡ್ತಾರ. ನೀವು ಬಂದ ದಿನ ಹೊಸಾವ ಆರು ಇದ್ದೂ. ಉಳಿದಾವಕ್ಕ ಆಗಷ್ಟ ಹಾಲು ಕುಡಿಸಿದ್ದೆ.”

“ಅವತ್ತ ಯಾಕ ಹೇಳಲಿಲ್ಲ?”

“ನೀವು ಕೂಡಲೇ ಇಲ್ಲಲ್ರಿ.”

ಯಲ್ಲಮ್ಮ ಜೋಳಿಗೆಯೊಂದನ್ನು ತೂಗುತ್ತ ತಗ್ಗಿದ ದನಿಯಲ್ಲಿ, “ನನ್ನ ಕೂಸಿಗೆ ನಾನ ಹಾಕಿದ್ದೆ. ಒಂದಿನ ಏಳಲೇ ಇಲ್ಲ,” ಎಂದಳು.

ಸಮಿತಿಯ ಸಭೆಯಲ್ಲಿ ಕೃಷ್ಣವೇಣಿ ಎದ್ದು ನಿಂತು, ತನ್ನ ವರದಿ ತಪ್ಪು ಎಂದಳು. ಒಬ್ಬ ವಕೀಲರು ಮರಾಠಿಯಲ್ಲಿ ಸಮಾಧಾನವಾಗಿಯೇ ಉತ್ತರಿಸಿದರು: ಒಮ್ಮೆ ಆದ ನಿರ್ಣಯವನ್ನು ವರ್ಷದೊಳಗೆ ತೆರೆಯುವಂತಿಲ್ಲ, ಮೇಲಾಗಿ ಆ ಶೆಡ್ಡಿಗೆ ನೋಂದಣಿಯೇ ಇಲ್ಲ.

“ಹಾಗಾದರೆ ಒಂದು ಮಧ್ಯಾಹ್ನ ಬಂದು ಕೂತು ನೋಡಿ,” ಎಂದಳು ಅವಳೂ ಮರಾಠಿಯಲ್ಲಿ. “ನಾನು ಕೂರಲಿಲ್ಲ, ಅದೇ ನನ್ನ ತಪ್ಪು. ನೀವೂ ಅದನ್ನೇ ಮಾಡಬೇಡಿ.”

ಬಂದವರು ಇಬ್ಬರೇ, ವಕೀಲರು ಮತ್ತು ಮಾಸ್ತರರು. ಅರ್ಧ ಗಂಟೆಗೆ ವಕೀಲರು ಕೋಟು ಬಿಚ್ಚಿ, ಚೀರುವ ಕೂಸೊಂದನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತಿದ್ದರು. ದಾರಿ ಹುಡುಕಿದವರೂ ಅವರೇ. ನೋಂದಣಿಯಿದ್ದ ಒಂದು ಮಹಿಳಾ ಮಂಡಳಿ ಶೆಡ್ಡನ್ನು ತನ್ನ ಶಾಖೆಯಾಗಿ ಸೇರಿಸಿಕೊಂಡು ಹೊಸ ಅರ್ಜಿ ಹಾಕಿತು. ನಿಧಿಯಿಂದ ಹಾಲು, ಒಬ್ಬ ಆಯಾ, ವಾರಕ್ಕೊಮ್ಮೆ ನರ್ಸಬಾಯಿ ಎಂದು ನಿಶ್ಚಯವಾಯಿತು. ಯಲ್ಲಮ್ಮ ಒಂದೇ ಷರತ್ತು ಹಾಕಿದಳು: ಅಫೀಮು ಕೊಟ್ಟೆಯಾ ಎಂದು ಯಾವ ತಾಯಿಯನ್ನೂ ನಾಲ್ಕು ಜನರೆದುರು ಕೇಳಕೂಡದು.

ಹೋದ ಆರರಲ್ಲಿ ಐದು ಕೂಸು ಮರಳಿ ಬಂದವು. ಕಲಾವತಿ ಬರಲಿಲ್ಲ. ಹತ್ತಿರದ ಕಾಮ್ಟಿಗೆ ಹೋದಳೆಂದು ಯಾರೋ ಹೇಳಿದರು.

ಅಂದಿನಿಂದ ಕೃಷ್ಣವೇಣಿ ಯಾವ ಸಂಸ್ಥೆಗೆ ಹೋದರೂ ಪೂರ್ತಿ ಒಂದು ದಿನ ಕೂರುತ್ತಿದ್ದಳು. ಕೂತಲ್ಲೇ ಒಳಗೊಳಗೆ ಚಡಪಡಿಸುತ್ತಿದ್ದಳು. ಕಣ್ಣು ಮತ್ತೆ ಮತ್ತೆ ಬಾಗಿಲಿಗೆ ಹೋಗುತ್ತಿತ್ತು. ಬಿಡುವಾದಾಗ ಬಸ್ಸು ಹತ್ತಿ ಕಾಮ್ಟಿಗೆ ಹೋಗಿ, ಬೀಡಿ ಕಟ್ಟುವ ಓಣಿಗಳಲ್ಲಿ ಕಲಾವತಿ ಎಲ್ಲಿ, ಕೂಸು ಹೇಗಿದೆ ಎಂದು ವಿಚಾರಿಸುತ್ತಿದ್ದಳು. ವ್ಯಾಸರಾಜ ಒಮ್ಮೆ, “ಸಾಕು ಮಾಡು ಇನ್ನ. ಎಷ್ಟಂತ ಹುಡುಕ್ತಿ?” ಎಂದ. ಅವಳು ಬಸ್ಸಿನ ಚಿಲ್ಲರೆ ಎಣಿಸಿಟ್ಟುಕೊಂಡಳು.

ಐವತ್ತಾರರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ, ನಾಗಪುರದಲ್ಲಿದ್ದ ರಾಜಧಾನಿ ಭೋಪಾಲಕ್ಕೆ ಹೋಯಿತು. ಸಮಿತಿಯ ಅರ್ಧ ಜನ ಆಫೀಸುಗಳ ಹಿಂದೆ ಹೋದರು. ನಿಧಿ ನಿಂತೇಹೋಯಿತು ಎನ್ನುವಾಗ ಕೃಷ್ಣವೇಣಿ, ಮಾಸ್ತರರು ಮನೆಮನೆ ಅಲೆದು ಹೊಸ ಸದಸ್ಯರನ್ನು ಕೂಡಿಸಿದರು. ತೊಟ್ಟಿಲುಮನೆಯಲ್ಲಿ ಆಗ ನಲವತ್ತು ಕೂಸುಗಳಿದ್ದವು.

ಐವತ್ತೆಂಟರ ಚಳಿಗಾಲದಲ್ಲಿ ಕಾಮ್ಟಿಯ ಮುದುಕಿಯೊಬ್ಬಳಿಗೆ ಕಲಾವತಿಯ ನೆನಪಿತ್ತು. ಗೋಂದಿಯಾಕ್ಕೆ ಹೋದಳಲ್ಲ, ಎಂದಳು.

“ಜೊತೆಗೆ ಮಗಳಿದ್ದಳೇ?”

ಮುದುಕಿ ಬೀಡಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ ಯೋಚಿಸಿದಳು. ಹೊರಟ ದಿನ ಅವಳ ಸೆರಗು ಹಿಡಿದು ಯಾವುದೋ ಹುಡುಗಿ ನಡೆಯುತ್ತಿತ್ತು, ಅವಳದೋ ಬೇರೆಯವರದೋ ತಿಳಿಯದು, ಎಂದಳು.

ಕೃಷ್ಣವೇಣಿ ಅಲ್ಲಿಂದ ನೆಟ್ಟಗೆ ಸ್ಟೇಷನ್ನಿಗೆ ನಡೆದು, ಗೋಂದಿಯಾಕ್ಕೆ ಹೋಗುವ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿದಳು.