ಎಡಗಿವಿಗೆ ಹೊಲಿದ ಆಡ್‌ಆನ್

ಮಾಲು ನೋಡುವ ಕಣ್ಣಿಂದ ನೋಡಿದರೆ ನಮ್ಮ ಟೈಲರ್ ಅಕ್ಕ ಹೀಗೆ: ವಯಸ್ಸು ಐವತ್ತೆರಡು, ಕೈ ಚೊಕ್ಕ, ನಾಲಿಗೆ ಹರಿತ, ಎಡಗಿವಿ ಪೂರ್ತಿ ಡ್ಯಾಮೇಜು. ನಾನು ದಾರ, ಗುಂಡಿ ಮಾರುವವನು. ಇಪ್ಪತ್ತು ವರ್ಷಗಳಲ್ಲಿ ಬಣ್ಣ ಮಾಸಿದ ಒಂದೇ ಒಂದು ರೀಲನ್ನೂ ಅವರಿಗೆ ದಾಟಿಸಲಾಗಿಲ್ಲ.

ಭಾನುವಾರ ಮಧ್ಯಾಹ್ನ ನಾವು ಹತ್ತು ಮಂದಿ ನಮ್ಮ ನಮ್ಮ ಮನೆಯಿಂದಲೇ ಒಂದು ಆನ್‌ಲೈನ್ ಆಟ ಆಡುತ್ತೇವೆ. ಅದರಲ್ಲಿ ಮೃಗ ಎರಗುವ ಮೊದಲು ಗುರುಗುಟ್ಟುತ್ತದೆ. ಸದ್ದು ಯಾವ ಕಡೆಯದೆಂದು ತಿಳಿದು ಪಕ್ಕಕ್ಕೆ ಹಾರಬೇಕು. ಒಂದೇ ಕಿವಿಗೆ ದಿಕ್ಕು ತಿಳಿಯುವುದಿಲ್ಲ. ಪ್ರತಿ ವಾರ ಮೊದಲು ಸಾಯುತ್ತಿದ್ದವರು ಅಕ್ಕನೇ. ಅದಕ್ಕೇ ತಂಡದಲ್ಲಿ ಅವರ ಹೆಸರು ‘ಬೋಣಿ’. ಇಟ್ಟವನು ನಾನು.

ಅಕ್ಕ ತಮ್ಮ ಮಗಳ ಪಕ್ಕ ಕೂತು ನಾಲ್ಕು ತಿಂಗಳು ಪ್ರೋಗ್ರಾಂ ಬರೆಯಲು ಕಲಿತು, ಆಟದ ಪರದೆಗೆ ತಾವೇ ಒಂದು ಆಡ್‌ಆನ್, ಅಂದರೆ ಆಟಕ್ಕೆ ಹೊರಗಿನಿಂದ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದರು. ಗುರುಗುಟ್ಟಿದ ಕಡೆ, ಪರದೆಯ ಅಂಚಿನಲ್ಲಿ, ಬಟ್ಟೆಗೆ ಗುರುತು ಹಾಕಿದಂಥ ಒಂದು ಬಿಳಿ ಗೆರೆ. ಅಷ್ಟೇ. ಆ ವಾರ ಅವರು ಕೊನೆಯವರೆಗೂ ಬದುಕಿದರು, ಬೋಣಿ ನನ್ನದಾಯಿತು.

“ನಂಗೂ ಕೊಡಕ್ಕಾ,” ಎಂದೆ.

“ನಿಂಗೆ ಎರಡೂ ಕಿವಿ ನೆಟ್ಟಗಿದೆಯಲ್ಲಯ್ಯಾ?”

“ಎರಡು ಕಿವಿಯೂ ಗಿರಾಕಿಗಳ ಚೌಕಾಸಿ ಕೇಳೋಕೇ ಸಾಲಲ್ಲ.”

ಕೊಟ್ಟರು. ಮುಂದೆ ಬಿಚ್ಚಿ ಸಡಿಲಿಸಲೆಂದು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುವುದು ಅವರ ಪದ್ಧತಿ. ಆಡ್‌ಆನಿನಲ್ಲೂ ಹಾಗೇ, ಬೇಕಾದವರು ತಿದ್ದಿಕೊಳ್ಳಲಿ ಎಂದು ಜಾಗ ಬಿಟ್ಟಿದ್ದರು. ನಾನು ಆ ಜಾಗವನ್ನು ಬಳಸಿಕೊಂಡೆ. ಗೆರೆ ಬಿದ್ದೊಡನೆ ನನ್ನ ಆಟಗಾರ ತಾನಾಗಿಯೇ ಪಕ್ಕಕ್ಕೆ ಹಾರುವಂತೆ ಅಳಿಯನಿಂದ ತಿದ್ದಿಸಿದೆ. ಮೂರು ವಾರ ಚಹಾ ಕುಡಿಯುತ್ತಾ ಗೆದ್ದೆ. ಪೈಪೋಟಿಯ ತಂಡವೊಂದು ದೂರು ಕೊಟ್ಟಿತು. ಆಡ್‌ಆನಿನ ಮೇಲಿದ್ದದ್ದು ಅಕ್ಕನ ಹೆಸರು. ಕಂಪನಿ ಅದನ್ನು ನಿಷೇಧಿಸಿ, ಅವರ ಖಾತೆಗೇ ಬೀಗ ಹಾಕಿತು.

ಅಂಗಡಿಗೆ ಹೋದಾಗ ಅಕ್ಕ ಯಾರದೋ ಕಾಲರ್ ಬಿಚ್ಚುತ್ತಿದ್ದರು.

“ತಿದ್ದಿದವರು ಯಾರು ಅಂತ ಕಂಪನಿಯವರು ಕೇಳಿದಾರೆ. ನಾನು ಹೇಳಿಲ್ಲ. ನಿನ್ನ ಬಿಟ್ಟು ಯಾರಿಗೂ ಕೊಟ್ಟಿಲ್ಲ, ನೆನಪಿದೆಯಲ್ಲ?”

“ಈ ಆಡ್‌ಆನ್‌ಗಳಿಗೆಲ್ಲ ಕಂಪನಿ ಆಟದಲ್ಲಿ ಜಾಗ ಕೊಡಲೇಬಾರದಿತ್ತು ಬಿಡಕ್ಕಾ,” ಎಂದೆ, ದೊಡ್ಡ ನ್ಯಾಯಸ್ಥನಂತೆ.

“ಕನ್ನಡಕ ಹಾಕ್ಕೊಂಡು ಪರೀಕ್ಷೆ ಬರೆಯೋದೂ ಬೇರೆಯವರ ಕೈಲಿ ಬರೆಸೋದೂ ಒಂದೇನಯ್ಯಾ? ಬರೆಸಿದವನು ನೀನು, ಕನ್ನಡಕ ಕಿತ್ಕೊಂಡಿದ್ದು ನಂದು.” ಕತ್ತರಿ ಕೆಳಗಿಟ್ಟರು. “ಭಾನುವಾರ ಹೊತ್ತೇ ಹೋಗಲ್ಲ ಕಣೋ.”

ಅದಾಗಿ ನಾಲ್ಕು ಭಾನುವಾರ ಕಳೆದಿವೆ. ಹೆಸರು ಹೇಳಿದರೆ ಬೀಗ ನನ್ನ ಖಾತೆಗೆ ಬೀಳುತ್ತದೆ ಎಂದು ದಿನ ದೂಡುತ್ತಿದ್ದೇನೆ. ತಂಡದಲ್ಲಿ ಈಗ ಒಂಬತ್ತೇ ಮಂದಿ. ತಿದ್ದಿಸಿದವನು ನಾನು ಎಂದು ಕಂಪನಿಗೆ ಒಂದು ಪತ್ರ ಬರೆಯಬೇಕಾದ ಅಕ್ಕನ ಋಣ ಇನ್ನೂ ನನ್ನ ಮೇಲಿದೆ.