ಭಟ್ಕಳದಿಂದ ಒತ್ತಿದ ಗುಂಡಿ

ಡ್ರಾಯರ್ ಚೊಕ್ಕ ಮಾಡುವಾಗ ಆ ರಿಲೇ ಕೈಗೆ ಸಿಕ್ಕಿತು. ನೀಲಿ ಬಣ್ಣದ ಪುಟ್ಟ ಡಬ್ಬಿ, ಅದರಿಂದ ಹೊರಟ ಬಿಳಿ ವಾಯರು, ವಾಯರಿನ ಬುಡಕ್ಕೆ ನಾನೇ ಹಾಕಿದ ಸೊಟ್ಟ ಬೆಸುಗೆ. ಮೂಗಿಗೆ ಹಿಡಿದರೆ ಸುಟ್ಟ ರಾಳದ ವಾಸನೆ ಇನ್ನೂ ಇದ್ದಂತೆ ಅನ್ನಿಸಿತು. ಇಲ್ಲದೆಯೂ ಇರಬಹುದು... ಚೊಕ್ಕ ಮಾಡುವ ಕೆಲಸ ಅಲ್ಲಿಗೇ ನಿಂತಿತು.

ಕುಮಟೆ ಹತ್ತಿರದ ಹೊಳನಗದ್ದೆಯಲ್ಲಿ ನಮ್ಮ ಆಚೆಮನೆಯವರು ಮಾಸ್ತರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ನನಗೂ ಕಲಿಸಿದವರು. ಅವರಿಗೆ ಹ್ಯಾಮ್ ರೇಡಿಯೋದ ಹುಚ್ಚು. ಲೈಸೆನ್ಸ್ ಪಡೆದು, ಮನೆಯಿಂದಲೇ ಗಾಳಿಯಲ್ಲಿ ಮಾತು ಕಳಿಸಿ, ಎಲ್ಲೆಲ್ಲೋ ಇರುವ ತಮ್ಮಂಥವರ ಜೊತೆ ಹರಟುವ ಹವ್ಯಾಸ ಅದು. ಅಂಗಳದ ಎರಡು ತೆಂಗಿನ ಮರಗಳ ನಡುವೆ ಏರಿಯಲ್ ತಂತಿ ಕಟ್ಟಿದ್ದರು. ಕಾಯಿ ಕೊಯ್ಯುವವನು ಮರ ಹತ್ತಿದಾಗಲೆಲ್ಲ ಕೆಳಗೆ ನಿಂತು ತಂತಿಗಾಗಿ ಕೂಗಾಡುತ್ತಿದ್ದರು. ಕಾಯಿ ತಮ್ಮ ತಲೆ ಮೇಲೆ ಬಿದ್ದೀತೆಂಬ ಚಿಂತೆ ಇರಲಿಲ್ಲ.

ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಅವರ ಬಳಗದ ಹಾಜರಿ. ಒಬ್ಬರು ಎಲ್ಲರ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಹೆಸರು, ಕರೆಯುವುದು, ಕರೆಸಿಕೊಂಡವರು ಇದ್ದೇನೆ ಎನ್ನುವುದು, ಆಮೇಲೆ ಮಳೆ ಬಿಸಿಲಿನ ನಾಲ್ಕು ಮಾತು. ಜೀವಮಾನವಿಡೀ ಮಕ್ಕಳ ಹಾಜರಿ ಕರೆದವರು ಮುದಿತನದಲ್ಲಿ ತಾವೇ ಹಾಜರಿ ಹೇಳುವುದರಲ್ಲಿ ಸುಖ ಕಂಡಿದ್ದರು. ಬಳಗದಲ್ಲಿ ಬಹುಮಂದಿಗೆ ವಯಸ್ಸಾಗಿತ್ತು. ಯಾರಿಂದಾದರೂ ಉತ್ತರ ಬಾರದಿದ್ದರೆ ಉಳಿದವರ ಎದೆ ಧಸಕ್ಕೆನ್ನುತ್ತಿತ್ತಂತೆ.

ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಮಗಳು ಅವರನ್ನು ಭಟ್ಕಳಕ್ಕೆ ಕರೆದೊಯ್ದಳು. ಅಲ್ಲಿ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ತಂತಿ ಕಟ್ಟಲು ಅಕ್ಕಪಕ್ಕದವರು ಒಪ್ಪಲಿಲ್ಲ. ಸಿಡಿಲು ಬಡಿಯುತ್ತದೆಂಬ ಹೆದರಿಕೆ. ಹಾಗಾಗಿ ರೇಡಿಯೋ ಹೊಳನಗದ್ದೆಯ ಬೀಗ ಹಾಕಿದ ಮನೆಯಲ್ಲೇ ಉಳಿಯಿತು. ಅದಕ್ಕೆ ಜೋಡಿಸಿದ ಕಂಪ್ಯೂಟರ್ ಚಾಲೂ ಇದ್ದರೆ ಸಾಕು, ಮಾಸ್ತರು ಭಟ್ಕಳದ ಮಂಚದ ಮೇಲೆ ಕೂತು ಇಂಟರ್ನೆಟ್ಟಿನ ಮೂಲಕ ಅದರಲ್ಲಿ ಮಾತಾಡಬಹುದಿತ್ತು. ಆದರೆ ನಮ್ಮ ಕರೆಂಟು! ಹೋಗುವುದು, ಬರುವುದು, ಮತ್ತೆ ಹೋಗುವುದು. ಆ ಹಳೆಯ ಕಂಪ್ಯೂಟರ್ ಒಮ್ಮೆ ಆರಿದರೆ ಗುಂಡಿ ಒತ್ತದೆ ಏಳುತ್ತಿರಲಿಲ್ಲ. ನಾನು ಹೊನ್ನಾವರದ ಕಾಲೇಜಿಗೆ ಪಾಠ ಮಾಡಲು ಬಸ್ಸಿಗೆ ಓಡುವ ಹೊತ್ತಿಗೇ ಸರಿಯಾಗಿ ಅವರ ಫೋನು.

"ತಂಗೀ, ಚಾವಿ ತಗಂಡು ಹೋಗಿ ಒಂಚೂರು ಗುಂಡಿ ಒತ್ತೇ. ಉತ್ತರ ಬರದೇ ಇದ್ರೆ ಮಾಸ್ತರು ಇದ್ರೋ ಇಲ್ಯೋ ಹೇಳಿ ಅವ್ಕೆ ಗಾಬರಿ ಆಗ್ತು."

"ಬಸ್ ತಪ್ತು ಮಾಸ್ತರೇ!"

"ಬಸ್ ಇನ್ನೊಂದು ಬತ್ತು. ಹಾಜರಿ ಇನ್ನೊಂದು ಇಲ್ಲೆ."

ನನಗೂ ತಾಳ್ಮೆ ಅಷ್ಟಕ್ಕಷ್ಟೇ. ಒಂದು ಭಾನುವಾರ ಬೆಸುಗೆ ಹಾಕಲು ಕೂತೇಬಿಟ್ಟೆ. ಕಂಪ್ಯೂಟರಿನ ಗುಂಡಿ ಮಾಡುವುದು ಇಷ್ಟೇ, ಎರಡು ವಾಯರುಗಳನ್ನು ಒಂದು ಕ್ಷಣ ಮುಟ್ಟಿಸಿ ಬಿಡುವುದು. ಅವೇ ವಾಯರುಗಳಿಗೆ, ಕರೆಂಟು ಹರಿದಾಗ ತಾನೇ ಟಕ್ಕೆಂದು ಮುಟ್ಟಿಸುವ ಪುಟ್ಟ ಸ್ವಿಚ್ಚಾದ ರಿಲೇ ಜೋಡಿಸಿ, ರಿಲೇಗೆ ವೈಫೈ ಇರುವ ಚಿಕ್ಕ ಬೋರ್ಡು ಹಚ್ಚಿ, ಫೋನಿನಲ್ಲಿ ತೆರೆಯುವ ಒಂದು ಪುಟ ಮಾಡಿದೆ. ಪುಟದಲ್ಲಿ ಒಂದೇ ಗುಂಡಿ. ಭಟ್ಕಳದಲ್ಲಿ ಅದನ್ನು ಮುಟ್ಟಿದರೆ ಹೊಳನಗದ್ದೆಯಲ್ಲಿ ಟಕ್. ಕಂಪ್ಯೂಟರ್ ಎದ್ದರೆ ಅದರ ಬೆನ್ನಿಗೇ ರೇಡಿಯೋ ಏಳುವಂತೆ ಮಾಸ್ತರು ಮೊದಲೇ ಜೋಡಿಸಿಟ್ಟಿದ್ದರು.

ಮೊದಲ ಸಲ ಟಕ್ ಎಂದಾಗ ನಾನು ಕುಣಿದುಬಿಟ್ಟೆ. ಮರುದಿನ ಬಸ್ಸಿನಲ್ಲಿ ಕೂತ ಕೂಡಲೇ ಮತ್ತೆ ಫೋನು. "ನಿನ್ ಯಂತ್ರ ಏಳ್ತೇ ಇಲ್ಲೆ!"

ಸಂಗತಿ ಆಮೇಲೆ ತಿಳಿಯಿತು. ಒಂದು ಸಲ ಒತ್ತಿ ಸುಮ್ಮನೆ ಕೂರುವ ಜನ ಅಲ್ಲ ಅವರು. ಕಂಪ್ಯೂಟರ್ ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ, ಏನೂ ಆಗಲಿಲ್ಲವೆಂದು ಇನ್ನೊಮ್ಮೆ ಒತ್ತುತ್ತಿದ್ದರು. ಅದು ಆರುತ್ತಿತ್ತು. ಮತ್ತೆ ಒತ್ತಿದರೆ ಏಳುತ್ತಿತ್ತು, ಮತ್ತೆ ಒತ್ತಿದರೆ... ಪಾಪದ ಯಂತ್ರ. ಕ್ಲಾಸಿನಲ್ಲೂ ಹಾಗೇ, ಪ್ರಶ್ನೆ ಕೇಳಿ ನಾವು ಬಾಯಿ ತೆರೆಯುವುದರೊಳಗೆ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದರು.

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ, ಒಮ್ಮೆ ಒತ್ತಿದ ಮೇಲೆ ತುಸು ಹೊತ್ತು ಗುಂಡಿಯೇ ಮಾಯವಾಗುವಂತೆ ಮಾಡಿ, ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಮಾಸ್ತರೇ, ಸ್ವಲ್ಪ ತಡೀರಿ.

"ಎಂತದೇ ಇದು? ಮಾಸ್ತರಿಗೇ ಪಾಠವಾ?" ಎಂದು ಬೈದರು. ಆದರೆ ಅಂದಿನಿಂದ ಕರೆಂಟು ಇದ್ದ ದಿನ ಹಾಜರಿ ತಪ್ಪಲಿಲ್ಲ. ಹಾಜರಿ ಆದ ದಿನ ಅಪ್ಪನಿಗೆ ಊಟ ಸೇರುತ್ತದೆ, ಇಲ್ಲದ ದಿನ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ ಎಂದು ಮಗಳು ಹೇಳುತ್ತಿದ್ದಳು.

ಅವರು ಹೋದ ಸುದ್ದಿ ಬೆಳಗಿನ ಚಹಾದ ಹೊತ್ತಿಗೆ ಬಂತು. ಮಗಳು ಫೋನಿನಲ್ಲಿ ಅಷ್ಟು ಹೇಳಿ ಇಟ್ಟಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಜಗುಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗುಲಿಗೆ ತಿರುಗಿದೆ. ಹಾಜರಿಯ ಹೊತ್ತು ಹತ್ತಿರ ಬರುತ್ತಿತ್ತು. ಬಳಗದವರಿಗೆಲ್ಲ ಯಾರು ಹೇಳುತ್ತಾರೆ? ಏನು ಮಾಡುತ್ತಿದ್ದೇನೆಂದು ಯೋಚಿಸದೆ ಫೋನು ತೆಗೆದು ಗುಂಡಿ ಒತ್ತಿದೆ. ನಾನೇ ಬರೆದದ್ದು ಕಣ್ಣ ಮುಂದೆ ಬಂತು. ಮಾಸ್ತರೇ, ಸ್ವಲ್ಪ ತಡೀರಿ.

ಅಳು ಬಂದದ್ದು ಆಗ.

ಚಾವಿ ಹಿಡಿದು ಆಚೆಮನೆಗೆ ಓಡಿದೆ. ಬೀಗ ತೆಗೆದು ಒಳಗೆ ಹೋಗುವಾಗ ರೇಡಿಯೋ ಆಗಲೇ ಎದ್ದು ಗೊರಗುಡುತ್ತಿತ್ತು. ಒಬ್ಬೊಬ್ಬರ ಹೆಸರಾಗಿ ಮಾಸ್ತರ ಕಾಲ್‌ಸೈನ್ ಬಂತು. ಆಮೇಲೆ ಅವರ ಉತ್ತರಕ್ಕೆಂದು ಬಿಟ್ಟ ಮೌನ... ಮೈಕು ಕೈಯಳತೆಯಲ್ಲೇ ಇತ್ತು. ಲೈಸೆನ್ಸ್ ಇಲ್ಲದವರು ಅದರಲ್ಲಿ ಮಾತಾಡುವಂತಿಲ್ಲ. ಚಿಕ್ಕಂದಿನಲ್ಲಿ ಅದಕ್ಕೆ ಕೈ ಹಾಕಿದಾಗ ಮಾಸ್ತರೇ ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದ್ದರು. ರೇಡಿಯೋದಲ್ಲಿ ಹಾಜರಿ ಕರೆಯುವವರು ಇನ್ನೊಮ್ಮೆ ಕರೆದರು. ಮತ್ತೊಮ್ಮೆ ಕರೆದರು. ನಾನು ಸೆರಗಿನ ತುದಿ ಹಿಂಡುತ್ತ ನಿಂತೇ ಇದ್ದೆ.

"ಕುಮಟೆ ಕಡೆ ಕರೆಂಟ್ ಹೋಗಿರ್ಬೇಕು. ನಾಳೆ ಸಿಗ್ತಾರೆ ಬಿಡಿ," ಎಂದಿತು ಆ ದನಿ. ಮುಂದಿನ ಹೆಸರು ಕರೆಯಿತು.

ಸಂಜೆ ಮಗಳೇ ಅವರಿಗೆಲ್ಲ ತಿಳಿಸಿದಳು. ಆಮೇಲೆ ತಂತಿ ಇಳಿಸಿದರು. ರೇಡಿಯೋವನ್ನು ಬಳಗದ ಒಬ್ಬರು ಒಯ್ದರು, ರಿಲೇ ನನ್ನ ಡ್ರಾಯರ್ ಸೇರಿತು. ಮಾಸ್ತರಷ್ಟು ನನ್ನನ್ನು ಓಡಾಡಿಸಿದವರು ಯಾರೂ ಇಲ್ಲ. ಈಗ ಬಸ್ಸು ತಪ್ಪುವುದಿಲ್ಲ, ಅದೇ ಸಂಕಟ.

ಇವತ್ತು ಆ ರಿಲೇಯನ್ನು ಬ್ಯಾಟರಿಗೆ ಹಚ್ಚಿ ನೋಡಿದೆ. ಟಕ್ ಎಂದಿತು. ಎಲ್ಲಿಯೂ ಏನೂ ಏಳುವುದಿಲ್ಲವೆಂದು ಗೊತ್ತಿತ್ತು. ಆದರೂ ತಡೆಯಲಾಗದೆ ಇನ್ನೊಮ್ಮೆ ಹಚ್ಚಿದೆ.